ಗಾಜಿನ ಶಿಖರ, ಊರಿನ ಅಂಗಳ



ಇವತ್ತು ಒಂದು ಕಟ್ಟಡದ ಬಗ್ಗೆ ಮಾತಾಡಬೇಕೆಂದಿದ್ದೇನೆ. ಅದು ದೇವಸ್ಥಾನವಲ್ಲ, ಅರಮನೆಯಲ್ಲ, ಕೋಟೆಯೂ ಅಲ್ಲ. ಬೆಳಿಗ್ಗೆ ಜನ ಬಂದು ಕೆಲಸ ಮಾಡಿ ಸಂಜೆ ಮನೆಗೆ ಹೊರಡುವ ಕಚೇರಿ ಕಟ್ಟಡ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿರುವ ಪಿಟ್ಸ್‌ಬರ್ಗ್ ನಗರದ ನಟ್ಟನಡುವೆ ಅದು ನಿಂತಿದೆ. ಹೆಸರು ಪಿಪಿಜಿ ಪ್ಲೇಸ್. 1981ರಲ್ಲಿ ಕೆಲಸ ಶುರುವಾಗಿ 1984ರಲ್ಲಿ ಉದ್ಘಾಟನೆಯಾಯಿತು. ಆಧುನಿಕೋತ್ತರ ವಾಸ್ತುಶಿಲ್ಪ ಎಂದು ಕರೆಯುವ ಒಂದು ದೊಡ್ಡ ಅಲೆಯಲ್ಲಿ ಹುಟ್ಟಿದ ಗಗನಚುಂಬಿ ಕಟ್ಟಡಗಳಲ್ಲಿ ಇದು ಮುಖ್ಯವಾದದ್ದು.

ದೂರದ ಊರಿನ ಒಂದು ಕಚೇರಿ ಕಟ್ಟಡದಿಂದ ನಮಗೇನು ಎಂದು ನೀವು ಕೇಳಬಹುದು. ಕಚೇರಿ ಕಟ್ಟಡಗಳನ್ನು ನಾವು ಗಂಭೀರವಾಗಿ ನೋಡುವುದಿಲ್ಲ. ಅವು ಕಂಪನಿಗಳ ಸ್ವತ್ತು, ನಮಗೆ ಸಂಬಂಧವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಒಂದು ಊರಿನ ಮಧ್ಯದಲ್ಲಿ ನಲವತ್ತು ಅಂತಸ್ತಿನ ಕಟ್ಟಡ ಎದ್ದರೆ, ಅದರೊಳಗೆ ಕಾಲಿಡದವರೂ ಜೀವಮಾನವಿಡೀ ಅದನ್ನು ನೋಡಿಕೊಂಡೇ ಬದುಕಬೇಕು. ಅದರ ನೆರಳಿನಲ್ಲಿ ನಡೆಯಬೇಕು. ಹಾಗಾದರೆ ಆ ಕಟ್ಟಡ ಊರಿನವರಿಗೆ ಏನು ಹೇಳಬೇಕು, ಏನು ಕೊಡಬೇಕು? ಪಿಪಿಜಿ ಪ್ಲೇಸ್ ನನಗೆ ಮುಖ್ಯವಾಗುವುದು ಈ ಪ್ರಶ್ನೆಯಿಂದ.

ರೇಡಿಯೊದಲ್ಲಿ ಚಿತ್ರ ತೋರಿಸಲಾಗುವುದಿಲ್ಲ. ಆದ್ದರಿಂದ ಸ್ವಲ್ಪ ಹೊತ್ತು ನಿಮ್ಮ ಮನಸ್ಸಿನಲ್ಲೇ ಅದನ್ನು ಕಟ್ಟೋಣ. ಒಂದು ಚೌಕಾಕಾರದ ಅಂಗಳ. ಅದರ ಸುತ್ತಮುತ್ತ ಆರು ಕಟ್ಟಡಗಳು. ನಾಲ್ಕು ಕಟ್ಟಡಗಳಿಗೆ ಆರಾರು ಅಂತಸ್ತು, ಒಂದಕ್ಕೆ ಹದಿನಾಲ್ಕು. ಆರನೆಯದು ಮಾತ್ರ 40 ಅಂತಸ್ತು ಏರಿ 635 ಅಡಿ ಎತ್ತರ ನಿಂತಿದೆ. ಆರಕ್ಕೂ ಒಂದೇ ಮೈ, ಒಂದೇ ಬಣ್ಣ. ನೆಲದಿಂದ ತುದಿಯವರೆಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಛಾಯೆಯ ಗಾಜು. ಒಟ್ಟು 19,750 ಗಾಜಿನ ಹಲಗೆಗಳು.

ಗೋಡೆಗಳು ಮಾತ್ರ ಸಪಾಟಾಗಿಲ್ಲ. ಕೆಳಗಿನಿಂದ ಮೇಲಿನವರೆಗೆ ಉದ್ದುದ್ದ ಮಡಿಕೆಗಳು, ಏಣುಗಳು. ಪ್ರತಿಯೊಂದು ಏಣೂ ಮೇಲೆ ಹೋಗಿ ಮೊನಚಾದ ಗಾಜಿನ ಶಿಖರವಾಗುತ್ತದೆ. ಇಂಥ ಶಿಖರಗಳು ಆರು ಕಟ್ಟಡಗಳಲ್ಲಿ ಸೇರಿ 231 ಇವೆ. ದೊಡ್ಡ ಗೋಪುರದ ನಾಲ್ಕು ಮೂಲೆಗಳಲ್ಲಿರುವ ಶಿಖರಗಳು ಎಲ್ಲಕ್ಕಿಂತ ಎತ್ತರ. ಯುರೋಪಿನ ಮಧ್ಯಯುಗದ ಗಾಥಿಕ್ ಇಗರ್ಜಿಗಳ ಚಿತ್ರ ನೋಡಿದವರಿಗೆ ಈ ಆಕಾರ ತಟ್ಟನೆ ಗುರುತು ಸಿಗುತ್ತದೆ. ಆಕಾರ ಎಂಟುನೂರು ವರ್ಷ ಹಳೆಯ ಕಲ್ಲಿನ ಇಗರ್ಜಿಯದು, ಮೈ ಇಪ್ಪತ್ತನೆಯ ಶತಮಾನದ ಗಾಜಿನದು, ಒಳಗೆ ನಡೆಯುವುದು ಕಚೇರಿ ಕೆಲಸ. ಈ ಮೂರೂ ಒಂದೆಡೆ ಹೇಗೆ ಸೇರಿದವು ಎಂದು ತಿಳಿಯಬೇಕಾದರೆ ಮೊದಲು ಆ ಊರನ್ನು ಸ್ವಲ್ಪ ತಿಳಿಯಬೇಕು.

ಪಿಟ್ಸ್‌ಬರ್ಗ್ ಸಂಗಮದ ಊರು. ಅಲಿಗೇನಿ ಮತ್ತು ಮೊನೊಂಗಹೀಲ ಎಂಬ ಎರಡು ನದಿಗಳು ಇಲ್ಲಿ ಕೂಡಿ ಒಹಾಯೊ ನದಿಯಾಗುತ್ತವೆ. ಸುತ್ತಲ ಬೆಟ್ಟಗಳಲ್ಲಿ ಕಲ್ಲಿದ್ದಲು, ಸಾಗಣೆಗೆ ನದಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಕಬ್ಬಿಣ, ಉಕ್ಕು, ಗಾಜು, ಅಲ್ಯೂಮಿನಿಯಂ ಎಲ್ಲವೂ ಬೆಳೆದವು. ಅದರ ಜೊತೆಗೆ ಹೊಗೆಯೂ ಬೆಳೆಯಿತು. 1940ರ ದಶಕದಲ್ಲಿ ಮಟಮಟ ಮಧ್ಯಾಹ್ನ ಬೀದಿದೀಪ ಹಚ್ಚಬೇಕಾದ ದಿನಗಳು ಆ ಊರಿನಲ್ಲಿದ್ದವು. ಎಚ್. ಎಚ್. ರಿಚರ್ಡ್‌ಸನ್ ಎಂಬ ಮಹಾ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, 1888ರಲ್ಲಿ ಮುಗಿದ ಅಲಿಗೇನಿ ಕೌಂಟಿ ನ್ಯಾಯಾಲಯದ ಗ್ರಾನೈಟ್ ಗೋಡೆಗಳು ಮಸಿ ಹಿಡಿದು ಕಪ್ಪಾಗಿದ್ದವು. ಹೊಗೆ ನಿಯಂತ್ರಣದ ಕಾನೂನು 1941ರಲ್ಲೇ ಬಂದರೂ ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಿಂದ ಅದು ಬಿಗಿಯಾಗಿ ಜಾರಿಗೆ ಬಂತು. ಮೆಲ್ಲಗೆ ಆಕಾಶ ತಿಳಿಯಾಯಿತು. ಆಕಾಶವನ್ನೇ ಪ್ರತಿಬಿಂಬಿಸುವ ಗಾಜಿನ ಗೋಪುರವನ್ನು ಕಟ್ಟಬಹುದೆಂಬ ಧೈರ್ಯ ಬಂದದ್ದೇ ಆ ಆಕಾಶ ತಿಳಿಯಾದ ಮೇಲೆ. ಮಸಿಯ ಊರಿನಲ್ಲಿ ಅಂಥ ಕಟ್ಟಡದ ಮಾತೇ ಇರಲಿಲ್ಲ.

ಆ ಊರಿನ ದೊಡ್ಡ ಕಂಪನಿಗಳಿಗೆ ಒಂದು ರೂಢಿ ಇತ್ತು. ನೇಕಾರನೊಬ್ಬ ತಾನು ನೇಯ್ದ ಒಳ್ಳೆಯ ಸೀರೆಯನ್ನು ಮನೆಯವರಿಗೆ ಉಡಿಸಿ ಜಾತ್ರೆಗೆ ಕರೆದುಕೊಂಡು ಹೋಗುವಂತೆ, ಪ್ರತಿಯೊಂದು ಕಂಪನಿಯೂ ತಾನು ತಯಾರಿಸುವ ವಸ್ತುವಿನಿಂದಲೇ ತನ್ನ ಕಚೇರಿ ಕಟ್ಟಿ ಊರಿಗೆ ತೋರಿಸಿತು. ಅಲ್ಯೂಮಿನಿಯಂ ಕಂಪನಿಯಾದ ಅಲ್ಕೋವ 1953ರಲ್ಲಿ 30 ಅಂತಸ್ತಿನ ಕಟ್ಟಡ ಕಟ್ಟಿ ಹೊರಮೈಗೆಲ್ಲ ಅಲ್ಯೂಮಿನಿಯಂ ಹಾಳೆ ಹೊದಿಸಿತು. ಯು. ಎಸ್. ಸ್ಟೀಲ್ ಕಂಪನಿ 1970ರ ಹೊತ್ತಿಗೆ 64 ಅಂತಸ್ತಿನ, 841 ಅಡಿ ಎತ್ತರದ ಗೋಪುರ ಕಟ್ಟಿತು. ಅದು ಬಳಸಿದ್ದು ಕಾರ್‌ಟೆನ್ ಎಂಬ ವಿಶೇಷ ಉಕ್ಕನ್ನು. ಈ ಉಕ್ಕಿಗೆ ಬಣ್ಣ ಬಳಿಯಬೇಕಾಗಿಲ್ಲ. ಮೇಲ್ಮೈಯಲ್ಲಿ ಒಂದು ಪದರ ತುಕ್ಕು ಕಟ್ಟಿ, ಆ ತುಕ್ಕೇ ಒಳಗಿನ ಲೋಹವನ್ನು ಕಾಯುತ್ತದೆ. ಕಟ್ಟಡದ ಹೊರಗಡೆಯ ಉಕ್ಕಿನ ಕಂಬಗಳೊಳಗೆ ದ್ರವ ತುಂಬಿದ್ದಾರೆ. ಬೆಂಕಿ ಬಿದ್ದರೆ ಕಂಬ ಕಾದು ಬಾಗಬಾರದು ಎಂದು ಈ ಏರ್ಪಾಡು.

ಗಾಜಿನ ಕಂಪನಿಯ ಸರದಿ ಆಮೇಲೆ ಬಂತು. ಪಿಪಿಜಿ ಎಂದರೆ ಪಿಟ್ಸ್‌ಬರ್ಗ್ ಪ್ಲೇಟ್ ಗ್ಲಾಸ್. 1883ರಲ್ಲಿ ಜಾನ್ ಫೋರ್ಡ್ ಮತ್ತು ಜಾನ್ ಪಿಟ್‌ಕೇರ್ನ್ ಸೇರಿ ಶುರುಮಾಡಿದ ಕಂಪನಿ. ಅಲಿಗೇನಿ ನದಿಯ ದಂಡೆಯ ಕ್ರೈಟನ್ ಎಂಬಲ್ಲಿ ಅದರ ಮೊದಲ ಕಾರ್ಖಾನೆ. ಅಂಗಡಿಗಳ ಮುಂಭಾಗಕ್ಕೆ ಹಾಕುವ ದೊಡ್ಡ ಗಾಜಿನ ಹಲಗೆಗಳಿಗೆ ಅಮೆರಿಕ ಬಹುಮಟ್ಟಿಗೆ ಯುರೋಪನ್ನು ನೆಚ್ಚಿಕೊಂಡಿದ್ದ ಕಾಲದಲ್ಲಿ ಅದನ್ನು ಅಲ್ಲೇ ಮಾಡಿ ಗೆದ್ದ ಕಂಪನಿ ಇದು. ನೂರು ವರ್ಷ ತುಂಬುವ ಹೊತ್ತಿಗೆ ತನ್ನ ಹೊಸ ಕೇಂದ್ರ ಕಚೇರಿ ಕಟ್ಟಲು ಹೊರಟಿತು. ಗಾಜಿನಿಂದಲೇ ಕಟ್ಟಬೇಕು ಎನ್ನುವುದರಲ್ಲಿ ಎರಡು ಮಾತಿರಲಿಲ್ಲ. ಕೆಲಸ ಒಪ್ಪಿಸಿದ್ದು ನ್ಯೂಯಾರ್ಕಿನ ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗೀ ಎಂಬ ವಾಸ್ತುಶಿಲ್ಪಿಗಳಿಗೆ.

ಫಿಲಿಪ್ ಜಾನ್ಸನ್ ಹುಟ್ಟಿದ್ದು 1906ರಲ್ಲಿ. ಅಂದರೆ ಪಿಟ್ಸ್‌ಬರ್ಗಿನ ಈ ಕೆಲಸದ ಹೊತ್ತಿಗೆ ಅವರಿಗೆ ಎಪ್ಪತ್ತೈದರ ಆಸುಪಾಸು. ಅವರ ಬದುಕೇ ಆಧುನಿಕ ವಾಸ್ತುಶಿಲ್ಪದ ಏರಿಳಿತದ ಕಥೆ. 1932ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಹೆನ್ರಿ ರಸೆಲ್ ಹಿಚ್‌ಕಾಕ್ ಜೊತೆಗೂಡಿ ಅವರು ಒಂದು ಪ್ರದರ್ಶನ ಏರ್ಪಡಿಸಿದರು. ಯುರೋಪಿನ ಹೊಸ ವಾಸ್ತುಶಿಲ್ಪವನ್ನು ಅಮೆರಿಕಕ್ಕೆ ಪರಿಚಯಿಸಿದ ಪ್ರದರ್ಶನ ಅದು. ಅಲಂಕಾರ ಬೇಡ, ಹಳೆಯ ಶೈಲಿಯ ನಕಲು ಬೇಡ, ಕಟ್ಟಡ ಹೇಗೆ ನಿಂತಿದೆ ಎನ್ನುವುದು ಹೊರಗೇ ಕಾಣಬೇಕು. ಇದು ಆ ಪಂಥದ ನಿಷ್ಠೆ. 1949ರಲ್ಲಿ ಕನೆಕ್ಟಿಕಟ್‌ನ ನ್ಯೂ ಕೇನನ್‌ನಲ್ಲಿ ಜಾನ್ಸನ್ ತಮಗಾಗಿ ನಾಲ್ಕೂ ಕಡೆ ಗಾಜಿನ ಗೋಡೆಯ ಮನೆ ಕಟ್ಟಿಕೊಂಡರು. 1958ರಲ್ಲಿ ಮುಗಿದ ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡದಲ್ಲಿ ಆ ಪಂಥದ ಹಿರಿಯ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರ ಜೊತೆಗಾರರಾದರು. ಕಂಚು ಮತ್ತು ಗಾಜಿನ ಆ ಕಟ್ಟಡ ಜಗತ್ತಿನ ಎಷ್ಟೋ ಕಚೇರಿಗಳಿಗೆ ಮಾದರಿಯಾಯಿತು.

ಮಾದರಿಯಾದದ್ದೇ ತೊಂದರೆಯ ಮೂಲವೂ ಆಯಿತು. ಮೀಸ್ ಅವರ ಕೈಯಲ್ಲಿ ಆ ಸರಳತೆ ತಪಸ್ಸಿನ ಫಲ. ಪ್ರತಿ ಮೂಲೆ, ಪ್ರತಿ ಸಂದು ಅಳೆದು ತೂಗಿ ಮಾಡಿದ್ದು. ಬೇರೆಯವರ ಕೈಯಲ್ಲಿ ಅದು ಖರ್ಚು ಉಳಿಸುವ ದಾರಿಯಾಯಿತು. ನೇರ ಗೆರೆ, ಚಪ್ಪಟೆ ತಾರಸಿ, ಒಂದೇ ಅಳತೆಯ ಕಿಟಕಿ. ಷಿಕಾಗೋ ಆದರೇನು, ಸಾವೊ ಪಾಲೊ ಆದರೇನು, ಊರಿನ ನಡುಭಾಗ ಒಂದೇ ಥರ ಕಾಣತೊಡಗಿತು. ಸೇಂಟ್ ಲೂಯಿಸ್ ನಗರದಲ್ಲಿ ಬಡವರ ವಸತಿಗಾಗಿ ಆಧುನಿಕ ತತ್ವದ ಮೇಲೆ 1950ರ ದಶಕದಲ್ಲಿ ಕಟ್ಟಿದ ಪ್ರೂಯಿಟ್ ಐಗೋ ಬಡಾವಣೆಯನ್ನು 1972ರಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಕೆಡವಲು ಆರಂಭಿಸಿತು. ಅದರ ಸೋಲಿಗೆ ವಿನ್ಯಾಸಕ್ಕಿಂತ ದೊಡ್ಡ ಕಾರಣಗಳಿದ್ದವು. ಬಡತನ, ಜನಾಂಗಭೇದ, ನಿರ್ವಹಣೆಗೆ ಹಣವಿಲ್ಲದ್ದು. ಆದರೂ ವಿಮರ್ಶಕ ಚಾರ್ಲ್ಸ್ ಜೆಂಕ್ಸ್ 1977ರ ತಮ್ಮ ಪುಸ್ತಕದಲ್ಲಿ ಆ ಸ್ಫೋಟವನ್ನೇ ಆಧುನಿಕ ವಾಸ್ತುಶಿಲ್ಪದ ಸಾವಿನ ಗಳಿಗೆ ಎಂದು ಸಾರಿದರು. ಅದಕ್ಕೂ ಮೊದಲೇ, 1966ರಲ್ಲಿ, ಪೆನ್ಸಿಲ್ವೇನಿಯದವರೇ ಆದ ವಾಸ್ತುಶಿಲ್ಪಿ ರಾಬರ್ಟ್ ವೆಂಚುರಿ, ಬದುಕಿನಲ್ಲಿ ತೊಡಕು ಇದೆ, ವಿರೋಧಾಭಾಸ ಇದೆ, ಕಟ್ಟಡದಲ್ಲಿ ಮಾತ್ರ ಅವಕ್ಕೆ ಜಾಗವಿಲ್ಲವೆಂದರೆ ಹೇಗೆ ಎಂದು ವಾದ ಹೂಡಿದ್ದರು.

ಹೀಗೆ ಶುರುವಾದದ್ದು ಆಧುನಿಕೋತ್ತರ ಅಲೆ. ಕಟ್ಟಡಕ್ಕೆ ಮತ್ತೆ ತಲೆ ಬಂತು, ಕಮಾನು ಬಂತು, ಕಂಬ ಬಂತು, ಬಣ್ಣ ಬಂತು, ಇತಿಹಾಸ ಬಂತು. ಒಂದು ಕಾಲದಲ್ಲಿ ಅಲಂಕಾರವನ್ನು ತಳ್ಳಿಹಾಕಿದ್ದ ಜಾನ್ಸನ್ ಈಗ ಈ ಕಡೆಯ ಮುಂದಾಳು. ನ್ಯೂಯಾರ್ಕಿನಲ್ಲಿ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಗೆ ಗುಲಾಬಿ ಗ್ರಾನೈಟಿನ ಗೋಪುರ ಕಟ್ಟಿ, ಅದರ ನೆತ್ತಿಗೆ ಹಳೆಯ ಮರದ ಬೀರುಗಳ ಮೇಲಿರುವಂಥ ನಡು ಒಡೆದ ಮುಕುಟ ಇಟ್ಟರು. ಅದೂ 1984ರಲ್ಲೇ ಮುಗಿದದ್ದು. ಅದೇ ವರ್ಷಗಳಲ್ಲಿ ಹ್ಯೂಸ್ಟನ್ನಿನ ಒಂದು ಬ್ಯಾಂಕಿಗೆ ಡಚ್ ಮನೆಗಳ ಮೆಟ್ಟಿಲು ಮೆಟ್ಟಿಲಾದ ಛಾವಣಿಯ ಗೋಪುರ. ಪಿಟ್ಸ್‌ಬರ್ಗಿಗೆ ಗಾಥಿಕ್ ಶಿಖರಗಳು.

ಈ ಶಿಖರಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಾದವೆಲ್ಲ ಇರುವುದು ಅಲ್ಲೇ.

ಹಳೆಯ ಗಾಥಿಕ್ ಇಗರ್ಜಿಯಲ್ಲಿ ಶಿಖರ ಅಂದಕ್ಕೆ ಮಾತ್ರ ಇಟ್ಟದ್ದಲ್ಲ. ಎತ್ತರದ ಕಲ್ಲಿನ ಕಮಾನು ಛಾವಣಿ ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳನ್ನು ತಡೆಯಲು ಹೊರಗಡೆ ಆಸರೆ ಕಮಾನುಗಳು, ಆಸರೆ ಕಂಬಗಳು. ಆ ಕಂಬದ ನೆತ್ತಿಯ ಮೇಲೆ ಕಲ್ಲಿನ ಶಿಖರ ಕೂರಿಸಿದರೆ, ಅದರ ಭಾರ ಅಡ್ಡ ತಳ್ಳನ್ನು ಕೆಳಮುಖವಾಗಿ ತಿರುಗಿಸಿ ನೆಲಕ್ಕೆ ಇಳಿಸುತ್ತದೆ. ಶಿಖರ ತೆಗೆದರೆ ಕಂಬ ಆಚೆಗೆ ವಾಲುವ ಭಯ. ಅಂದರೆ ಅದು ದುಡಿಯುವ ಕಲ್ಲು. ಪಿಪಿಜಿ ಗೋಪುರದಲ್ಲಿ ಭಾರ ಹೊರುವುದು ಒಳಗಿನ ಹಂದರ. ಗಾಜು ಅದಕ್ಕೆ ತೂಗುಹಾಕಿದ ಹೊದಿಕೆ. ಗಾಜಿನ ಶಿಖರಗಳು ಯಾವ ಭಾರವನ್ನೂ ಹೊರುವುದಿಲ್ಲ, ಯಾವ ತಳ್ಳನ್ನೂ ತಡೆಯುವುದಿಲ್ಲ. 231ರಲ್ಲಿ ಒಂದನ್ನು ತೆಗೆದರೂ ಕಟ್ಟಡ ಜಗ್ಗುವುದಿಲ್ಲ.

ಆಧುನಿಕ ಪಂಥದವರು ಇದನ್ನು ಸುಳ್ಳು ಎಂದರು. ಇಗರ್ಜಿಯ ಗೌರವವನ್ನು ವ್ಯಾಪಾರದ ಕಂಪನಿಯೊಂದು ಎರವಲು ಪಡೆಯಬಹುದೇ ಎಂದು ಕೇಳಿದರು. ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಉತ್ತರಕ್ಕೆ ಇತಿಹಾಸವನ್ನು ಒಮ್ಮೆ ತಿರುವಬೇಕು. ಪಿಪಿಜಿ ಗೋಪುರಕ್ಕೆ ಒಂದು ಮಾದರಿಯೆಂದು ಹೇಳುವುದು ಲಂಡನ್ ಪಾರ್ಲಿಮೆಂಟಿನ ವಿಕ್ಟೋರಿಯ ಗೋಪುರವನ್ನು. 1834ರ ಬೆಂಕಿಯಲ್ಲಿ ಹಳೆಯ ಪಾರ್ಲಿಮೆಂಟ್ ಸುಟ್ಟುಹೋದ ಮೇಲೆ ಚಾರ್ಲ್ಸ್ ಬ್ಯಾರಿ ವಿನ್ಯಾಸ ಮಾಡಿ, 1860ರಲ್ಲಿ ಮುಗಿದ ಗೋಪುರ ಅದು. ಕಟ್ಟಿದ್ದು ದೇವರಿಗಲ್ಲ, ಪಾರ್ಲಿಮೆಂಟಿನ ಕಾಗದಪತ್ರ ಬೆಂಕಿಗೆ ಸಿಗದಂತೆ ಇಡುವುದಕ್ಕೆ. ಅದರ ಕಲ್ಲಿನ ಗಾಥಿಕ್ ಮೈಯೊಳಗೆ ಎರಕದ ಕಬ್ಬಿಣದ ಕಂಬ, ತೊಲೆಗಳಿವೆ. ಅಂದರೆ ಮಾದರಿಯೇ ಒಂದು ದಫ್ತರಖಾನೆ! ಲೋಹದ ಹಂದರಕ್ಕೆ ಹಳೆಯ ಉಡುಪು ತೊಡಿಸುವ ಕೆಲಸ ಜಾನ್ಸನ್ನರಿಂದ ಶುರುವಾದದ್ದಲ್ಲ. 1913ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಸ್ ಗಿಲ್ಬರ್ಟ್ ಕಟ್ಟಿದ 792 ಅಡಿಯ ವೂಲ್‌ವರ್ತ್ ಕಟ್ಟಡವೂ ಉಕ್ಕಿನ ಹಂದರಕ್ಕೆ ಸುಟ್ಟ ಮಣ್ಣಿನ ಗಾಥಿಕ್ ಹೊದಿಕೆ ಹಾಕಿದ್ದೇ.

ಪಿಟ್ಸ್‌ಬರ್ಗಿನಲ್ಲೇ ಇನ್ನೊಂದು ಇದೆ. ಅಲ್ಲಿನ ವಿಶ್ವವಿದ್ಯಾಲಯದ 42 ಅಂತಸ್ತಿನ ಗಾಥಿಕ್ ಗೋಪುರ, ಕೆಥೀಡ್ರಲ್ ಆಫ್ ಲರ್ನಿಂಗ್. 1926ರಲ್ಲಿ ಕೆಲಸ ಶುರುವಾಗಿ 1937ರಲ್ಲಿ ಮುಗಿಯಿತು. ಅದನ್ನು ಕಟ್ಟುವಾಗ ಊರಿನ ಶಾಲಾ ಮಕ್ಕಳು ಹತ್ತು ಸೆಂಟಿನ ನಾಣ್ಯ ಕೊಟ್ಟು ಒಂದೊಂದು ಇಟ್ಟಿಗೆ ಕೊಂಡಿದ್ದರು. ಬೇರೆ ಬೇರೆ ದೇಶಗಳ ಹೆಸರಿನ ಪಾಠದ ಕೋಣೆಗಳು ಅಲ್ಲಿವೆ; ನಳಂದದ ಮಾದರಿಯಲ್ಲಿ ಮಾಡಿದ ಭಾರತೀಯ ಕೋಣೆಯೂ ಇದೆ. ಹಾಗಾಗಿ ಗಾಥಿಕ್ ಶಿಖರ ಪಿಟ್ಸ್‌ಬರ್ಗಿನವರಿಗೆ ದೂರದ ಯುರೋಪಿನ ಮಾತಲ್ಲ. ಅವರ ಅಜ್ಜ ಅಜ್ಜಿಯರು ಚಿಕ್ಕಂದಿನಲ್ಲಿ ಚಿಲ್ಲರೆ ಕೊಟ್ಟು ಎತ್ತಿ ನಿಲ್ಲಿಸಿದ ಆಕಾರ.

ಆಕಾರಗಳು ಹೀಗೆ ಕಾಲವನ್ನೂ ಕಡಲನ್ನೂ ದಾಟಿ ಹೋಗುತ್ತವೆ. ಅಮೆರಿಕಕ್ಕೆ ಹೋಗಿಬಂದ ನಮ್ಮವರಲ್ಲಿ ಅನೇಕರಿಗೆ ಪಿಟ್ಸ್‌ಬರ್ಗ್ ಎಂದ ಕೂಡಲೇ ನೆನಪಾಗುವುದು ಪೆನ್ ಹಿಲ್ಸ್ ಗುಡ್ಡದ ಮೇಲಿರುವ ಶ್ರೀ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ಕಟ್ಟಿದ್ದು, ಅಮೆರಿಕದ ಮೊದಮೊದಲ ದೊಡ್ಡ ಹಿಂದೂ ದೇವಾಲಯಗಳಲ್ಲಿ ಒಂದು. ತಿರುಮಲೆಯ ಗೋಪುರದ ಮಾದರಿ ಅಲ್ಲಿ ಪೆನ್ಸಿಲ್ವೇನಿಯದ ಹಿಮದಲ್ಲಿ ನಿಂತಿದೆ. ಅದನ್ನು ನಕಲು ಎಂದು ಯಾರೂ ಅನ್ನುವುದಿಲ್ಲ. ಕನ್ನಡಿಗರು, ತೆಲುಗರು, ತಮಿಳರು ಅಲ್ಲಿ ಮದುವೆ ಮಾಡುತ್ತಾರೆ, ಮಕ್ಕಳಿಗೆ ಹೆಸರಿಡುತ್ತಾರೆ, ಸಾಲು ಹಿಡಿದು ಪ್ರಸಾದ ಪಡೆಯುತ್ತಾರೆ. ಎರವಲು ತಂದ ಆಕಾರ ಬಳಕೆಯಿಂದ ಸ್ವಂತವಾಗುತ್ತದೆ. ಈ ಅಳತೆಗೋಲನ್ನು ಹಿಡಿದುಕೊಂಡೇ ಪಿಪಿಜಿ ಪ್ಲೇಸಿಗೆ ವಾಪಸು ಬರೋಣ.

ಗಾಜಿನ ವಿಷಯ ಎರಡು ಮಾತು ಹೇಳಲೇಬೇಕು. ಹಿಂದೆ ದೊಡ್ಡ ಗಾಜಿನ ಹಲಗೆ ಮಾಡಬೇಕಾದರೆ ಕರಗಿದ ಗಾಜನ್ನು ಕಬ್ಬಿಣದ ಮೇಜಿನ ಮೇಲೆ ಸುರಿದು, ಆರಿದ ಮೇಲೆ ಎರಡೂ ಕಡೆ ಉಜ್ಜಿ ಉಜ್ಜಿ ನಯ ಮಾಡಬೇಕಿತ್ತು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1950ರ ದಶಕದಲ್ಲಿ ಹೊಸ ವಿಧಾನ ಕಂಡುಹಿಡಿಯಿತು. ಕರಗಿದ ತವರದ ಕೊಳದ ಮೇಲೆ ಕರಗಿದ ಗಾಜನ್ನು ತೇಲಿಬಿಟ್ಟರೆ ಅದು ತಾನಾಗಿಯೇ ಸಮನಾಗಿ ಹರಡಿ ಎರಡೂ ಬದಿ ನಯವಾಗಿ ಬರುತ್ತದೆ. ಅಮೆರಿಕದಲ್ಲಿ ಆ ವಿಧಾನಕ್ಕೆ ಮೊದಲು ಪರವಾನಗಿ ಪಡೆದದ್ದು ಪಿಪಿಜಿಯೇ.

1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಗಾಜಿನ ಕಟ್ಟಡಗಳಿಗೆಲ್ಲ ಪೆಟ್ಟು ಬಿತ್ತು. ಬೇಸಿಗೆಯಲ್ಲಿ ಬಿಸಿಲು ಒಳಗೆ, ಚಳಿಗಾಲದಲ್ಲಿ ಕಾವು ಹೊರಗೆ. ತಂಪು ಮಾಡುವುದಕ್ಕೂ ಬೆಚ್ಚಗಿಡುವುದಕ್ಕೂ ದುಬಾರಿ ಖರ್ಚು. ಪಿಪಿಜಿ ಪ್ಲೇಸ್ ಆ ಕಷ್ಟಕ್ಕೆ ಗಾಜಿನ ಕಂಪನಿ ಕೊಟ್ಟ ಉತ್ತರವೂ ಹೌದು. ಅಲ್ಲಿನ ಗಾಜು ಎರಡು ಪದರದ್ದು, ನಡುವೆ ಮುಚ್ಚಿದ ಗಾಳಿಯ ತೆರಪು. ಜೊತೆಗೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೋಹದ ಲೇಪ. ಈ ಲೇಪ ಬಿಸಿಲಿನ ಒಂದು ಭಾಗವನ್ನು ಹೊರಕ್ಕೆ ತಿರುಗಿಸುತ್ತದೆ. ಹೊರಗಿನಿಂದ ನೋಡಿದರೆ ಕನ್ನಡಿಯಂತೆ ಕಾಣುವುದು ಅದೇ ಕಾರಣಕ್ಕೆ.

ಗೋಡೆ ಸಪಾಟಾಗಿದ್ದರೆ ಅದು ಎದುರಿನ ಕಟ್ಟಡವನ್ನು ಇದ್ದಹಾಗೇ ತೋರಿಸುವ ದೊಡ್ಡ ಕನ್ನಡಿಯಾಗಿಬಿಡುತ್ತಿತ್ತು. ಮಡಿಕೆಗಳಿರುವುದರಿಂದ ಒಂದು ಮಗ್ಗುಲಿಗೆ ಮೋಡ ಬೀಳುತ್ತದೆ, ಪಕ್ಕದ ಮಗ್ಗುಲಿಗೆ ನೀಲಿ ಆಕಾಶ, ಅದರ ಪಕ್ಕದ್ದಕ್ಕೆ ಎದುರು ಮನೆಯ ಕೆಂಪು ಇಟ್ಟಿಗೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರೆ ಎಲ್ಲವೂ ಜಾಗ ಬದಲಾಯಿಸುತ್ತವೆ. ಸಂಜೆಯಾದಂತೆ ಇನ್ನೊಂದು ಬದಲಾವಣೆ. ಕನ್ನಡಿ ಗಾಜು ಯಾವಾಗಲೂ ಹೆಚ್ಚು ಬೆಳಕಿರುವ ಕಡೆಗೆ ಕನ್ನಡಿ. ಹಗಲಲ್ಲಿ ಹೊರಗೆ ಬೆಳಕು ಹೆಚ್ಚು, ಒಳಗಿನದು ಕಾಣದು. ಕತ್ತಲಾಗಿ ಒಳಗೆ ದೀಪ ಹತ್ತಿದಾಗ ಗಾಜು ಪಾರದರ್ಶಕವಾಗುತ್ತದೆ. ಹಗಲೆಲ್ಲ ಊರನ್ನು ತೋರಿಸಿದ ಗೋಡೆ ಆಗ ತನ್ನೊಳಗಿನ ಮೇಜು, ಕುರ್ಚಿ, ಕಸ ಗುಡಿಸುವವರನ್ನು ತೋರಿಸುತ್ತದೆ. ಗೋಡೆಗೆ ಗಾಜು ಹಾಕಿದವರೆಲ್ಲ ಇಷ್ಟು ಯೋಚಿಸಿರುವುದಿಲ್ಲ. ಇಲ್ಲಿ ಯೋಚಿಸಿದ್ದಾರೆ. ಇದು ಈ ಕಟ್ಟಡದ ನಿಜವಾದ ಹಿರಿಮೆ.

ಆದರೆ ಅಂಗಳದ ವಿಷಯದಲ್ಲಿ ಅಷ್ಟು ಯೋಚನೆ ಇರಲಿಲ್ಲ. ಜಾನ್ಸನ್ ಮತ್ತು ಬರ್ಗೀ ಮಾಡಿದ ಚೌಕ ಯುರೋಪಿನ ಹಳೆಯ ಊರುಗಳ ಚೌಕದಂತೆ ಅಚ್ಚುಕಟ್ಟಾಗಿತ್ತು. ನಡುವೆ ಗುಲಾಬಿ ಗ್ರಾನೈಟಿನ ಎತ್ತರದ ಸ್ತಂಭ, ಅದರ ಕೆಳಗೆ ನಾಲ್ಕು ಕಲ್ಲಿನ ಗುಂಡುಗಳು. ಸುತ್ತ ಗಾಜು, ಕೆಳಗೆ ಕಲ್ಲು. ಕೂರಲು ಮರದ ನೆರಳಿಲ್ಲ, ನಿಲ್ಲಲು ಕಾರಣವಿಲ್ಲ. ಪಕ್ಕದಲ್ಲೇ ಇರುವ ಮಾರ್ಕೆಟ್ ಸ್ಕ್ವೇರ್ ಊರಿನ ಹಳೆಯ ಸಂತೆ ಚೌಕ. ಅಲ್ಲಿ ಜನವೋ ಜನ, ಇಲ್ಲಿ ಬಿಕೋ ಎನ್ನುವ ಅಂಗಳ. ಊರಿನ ಪತ್ರಿಕೆಯ ಅಂಕಣಕಾರ ಪೀಟರ್ ಲಿಯೋ ಆ ಗುಂಡುಗಳನ್ನು ನೋಡಿ, ಸ್ತಂಭಕ್ಕೆ ಅಜ್ಞಾತ ಬೌಲಿಂಗ್ ಆಟಗಾರನ ಸಮಾಧಿ ಎಂದು ಹೆಸರಿಟ್ಟರು. ಆ ಹೆಸರೇ ಊರಿನ ಬಾಯಲ್ಲಿ ನಿಂತಿತು.

ಕಾಲವೂ ಕಠಿಣವಾಗಿತ್ತು. ಗಾಜಿನ ಗೋಪುರ ಎದ್ದ ವರ್ಷಗಳಲ್ಲೇ ನದಿ ದಂಡೆಯ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. 1892ರ ಮುಷ್ಕರದಿಂದ ಕಾರ್ಮಿಕ ಚರಿತ್ರೆಯಲ್ಲಿ ಹೆಸರಾದ ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ ನಿಂತೇಹೋಯಿತು. ತಲೆಮಾರುಗಳಿಂದ ಕುಲುಮೆಯನ್ನು ನಂಬಿದ್ದ ಮನೆಗಳಿಗೆ ಕೆಲಸವಿಲ್ಲ. ಅಂಥವರಿಗೆ ಊರ ನಡುವೆ ಹೊಳೆಯುವ ಶಿಖರಗಳು ತಮ್ಮವು ಅನ್ನಿಸುವುದಾದರೂ ಹೇಗೆ? ನಗರದ ಆಡಳಿತ ಆ ಕಟ್ಟಡಗಳನ್ನು ಹೊಸ ಹುಟ್ಟಿನ ಗುರುತು ಎಂದಿತು. ಮೇಯರ್ ರಿಚರ್ಡ್ ಕಲಿಗಿಯೂರಿ ಅವರ ಕಾಲದ ಆ ಯೋಜನೆಗೆ ಎರಡನೆಯ ಪುನರುತ್ಥಾನ ಎಂದೇ ಹೆಸರು. ಉಕ್ಕಿನ ನೆಲದಲ್ಲಿ ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಹೊಸ ಬದುಕು ಬೇರೂರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಅಂಗಳ ಬದಲಾದದ್ದು 2000ದ ನಂತರ. ಚಳಿಗಾಲದಲ್ಲಿ ಆ ಚೌಕವನ್ನು ಹಿಮಜಾರಾಟದ ಕಣ ಮಾಡಿದರು. ನ್ಯೂಯಾರ್ಕಿನ ಪ್ರಸಿದ್ಧ ರಾಕ್‌ಫೆಲರ್ ಸೆಂಟರಿನ ಕಣಕ್ಕಿಂತ ಇದು ದೊಡ್ಡದು. ನಡುವೆ ಕ್ರಿಸ್ಮಸ್ ಮರ, ಅದರ ಸುತ್ತ ಜಾರುವ ಮಕ್ಕಳು. ಬೇಸಿಗೆಯಲ್ಲಿ ಅದೇ ಚೌಕದಲ್ಲಿ ನೆಲದಿಂದಲೇ ಚಿಮ್ಮುವ ಕಾರಂಜಿ. ಬಿಸಿಲಲ್ಲಿ ಮಕ್ಕಳು ಬಟ್ಟೆ ಸಮೇತ ನೆನೆಯುತ್ತಾರೆ, ತಾಯಂದಿರು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಕಚೇರಿಯವರು ಮಧ್ಯಾಹ್ನದ ಊಟದ ಪೊಟ್ಟಣ ಬಿಚ್ಚುತ್ತಾರೆ. ಗೋಪುರದ ಬುಡದಲ್ಲಿರುವ ಗಾಜಿನ ಛಾವಣಿಯ ಒಳಾಂಗಣದಲ್ಲಿ ವರ್ಷದ ಕೊನೆಗೆ ಶುಂಠಿ ಬಿಸ್ಕತ್ತಿನಲ್ಲಿ ಕಟ್ಟಿದ ಪುಟ್ಟ ಮನೆಗಳ ಪ್ರದರ್ಶನವೂ ಎಷ್ಟೋ ವರ್ಷ ನಡೆಯಿತು. ಶಾಲೆಗಳ ಮಕ್ಕಳು, ಮನೆಯವರು ಮಾಡಿ ತಂದ ಮನೆಗಳು ಅವು. ಗಾಜು ಅದೇ, ಶಿಖರ ಅವೇ.  ಜನರಿಗೆ ಅಲ್ಲಿ ನಿಲ್ಲಲು ಒಂದು ಕಾರಣ ಕೊಟ್ಟರು, ಅಷ್ಟೇ. ಪುಸ್ತಕದಿಂದ ತಂದ ಚೌಕ ಊರಿನ ಅಂಗಳವಾಯಿತು.

ಈ ನಡುವೆ ಕಂಪನಿಯ ಕಥೆಯೂ ಬದಲಾಯಿತು. ಸಂಕೀರ್ಣದ ಒಡೆತನ ಬೇರೆಯವರ ಕೈಗೆ ಹೋಯಿತು. 2016ರಲ್ಲಿ ಪಿಪಿಜಿ ತನ್ನ ಹಲಗೆ ಗಾಜಿನ ವ್ಯಾಪಾರವನ್ನೇ ಮೆಕ್ಸಿಕೊದ ವಿಟ್ರೋ ಕಂಪನಿಗೆ ಮಾರಿತು. ಇವತ್ತು ಅದರ ಮುಖ್ಯ ಕಸುಬು ಬಣ್ಣ ಮತ್ತು ಲೇಪಗಳದ್ದು. ಗಾಜಿನ ಹೆಮ್ಮೆಗಾಗಿ ಕಟ್ಟಿದ ಗೋಪುರ ನಿಂತಿದೆ, ಆ ಗಾಜಿನ ಕಸುಬು ಕಂಪನಿಯ ಕೈಯಲ್ಲಿಲ್ಲ. ಯೋಚಿಸಿ ನೋಡಿ. ಕಂಪನಿಗಳು ಕಸುಬು ಬದಲಿಸುತ್ತವೆ, ಹೆಸರು ಬದಲಿಸುತ್ತವೆ, ಊರು ಬಿಡುತ್ತವೆ. ಕಟ್ಟಡ ಎಲ್ಲಿಗೂ ಹೋಗುವುದಿಲ್ಲ. ಕೊನೆಗೆ ಅದರ ಜೊತೆ ಬಾಳುವುದು ಊರಿನವರೇ. ಹಣ ಹಾಕಿದವರಿಗಿಂತ ಅದನ್ನು ಬಹಳ ಕಾಲ ನೋಡುವವರು ಬೀದಿಯಲ್ಲಿ ನಡೆಯುವವರು.

ಅದಕ್ಕೇ ನನ್ನ ಮಾತು ಇಷ್ಟು. ಆಧುನಿಕೋತ್ತರ ವಾಸ್ತುಶಿಲ್ಪಿಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಕಚೇರಿ ಕಟ್ಟಡ ಮೂಕವಾಗಿರಬೇಕಾಗಿಲ್ಲ, ಅದಕ್ಕೂ ನೆನಪಿರಬಹುದು, ಊರಿನೊಂದಿಗೆ ಮಾತಾಡುವ ಆಸೆ ಇರಬಹುದು ಎಂದರು. ಆ ಮಾತನ್ನು ಎತ್ತಿ ಹೇಳಿದ್ದಕ್ಕೆ ನಾವು ಅವರಿಗೆ ಋಣಿಗಳು. ಆದರೆ ಉತ್ತರವನ್ನು ಹೆಚ್ಚಾಗಿ ಕಟ್ಟಡದ ತಲೆಯಲ್ಲಿ ಹುಡುಕಿದರು. ಮುಕುಟ ಇಟ್ಟರು, ಶಿಖರ ಇಟ್ಟರು. ಉತ್ತರದ ಇನ್ನರ್ಧ ಇದ್ದದ್ದು ಕಟ್ಟಡದ ಬುಡದಲ್ಲಿ. ಪಿಟ್ಸ್‌ಬರ್ಗ್ ಅದನ್ನು ಸುಮಾರು ಇಪ್ಪತ್ತು ವರ್ಷ ತಡವಾಗಿ, ಕಾರಂಜಿ ಮತ್ತು ಹಿಮಜಾರಾಟದ ಕಣದಿಂದ ಕಂಡುಕೊಂಡಿತು.

ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಇವತ್ತು ಗಾಜಿನ ಕಚೇರಿಗಳ ಸಾಲೇ ಇದೆ. ಹುಬ್ಬಳ್ಳಿ, ಮಂಗಳೂರು, ಮೈಸೂರುಗಳಿಗೂ ಅವು ಬರುತ್ತಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಸುತ್ತ ಗೋಡೆ, ಗೋಡೆಗೆ ಗೇಟು, ಗೇಟಿಗೆ ಕಾವಲು. ಗೇಟಿನ ಹೊರಗೆ ಕಾಲುದಾರಿಯೂ ಸರಿಯಾಗಿರುವುದಿಲ್ಲ. ಊರಿಗೆ ಅವು ಕೊಡುವುದು ಬಿಸಿಲಿನ ಝಳ ಮತ್ತು ವಾಹನಗಳ ಸಾಲು. ಇವನ್ನು ಕಟ್ಟಲೇಬೇಡಿ ಎಂದು ಯಾರೂ ಹೇಳುವುದಿಲ್ಲ. ಅವುಗಳಲ್ಲಿ ನಮ್ಮ ಮಕ್ಕಳಿಗೆ ಅನ್ನವಿದೆ. ಆದರೆ ಕಟ್ಟುವವರನ್ನೂ ಅನುಮತಿ ಕೊಡುವವರನ್ನೂ ಎರಡು ಪ್ರಶ್ನೆ ಕೇಳುವ ಹಕ್ಕು ಊರಿನವರಾದ ನಮಗಿದೆ. ಈ ಗೋಡೆಗೆ ಗಾಜು ಹಾಕುವ ಮೊದಲು ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಬೀದಿ ಹೇಗಿದೆ ಎಂದು ಯೋಚಿಸಿದ್ದೀರಾ? ಈ ಕಟ್ಟಡದಲ್ಲಿ ಕೆಲಸವಿಲ್ಲದವರಿಗೂ ಅದರ ಬುಡದಲ್ಲಿ ಕೂರಲು ಒಂದು ಕಟ್ಟೆ, ಒಂದು ಮರ, ಮಕ್ಕಳಿಗೆ ಒಂದಿಷ್ಟು ನೆಲ ಬಿಟ್ಟಿದ್ದೀರಾ?

ನಕ್ಷೆ ಕಾಗದದ ಮೇಲಿರುವಾಗಲೇ ಈ ಪ್ರಶ್ನೆ ಕೇಳಬೇಕು. ಇಪ್ಪತ್ತು ವರ್ಷ ಕಾದು ಕೇಳುವಷ್ಟು ಪುರುಸೊತ್ತು ನಮ್ಮ ಊರುಗಳಿಗಿಲ್ಲ.